ಏರಿಳಿತಗಳ ಅನ್ವೇಷಕ ಜೆವನ್ಸ್

ಸುಗ್ಗಿ ಬಂದಾಗ ಧಾನ್ಯದ ಬೆಲೆ ಇಳಿಯುವುದೂ ಕಣಜ ಬರಿದಾದಾಗ ಏರುವುದೂ ಹಳ್ಳಿಯ ಮಕ್ಕಳಿಗೂ ತಿಳಿದ ಸಂಗತಿ. ಈ ತಿಳಿವಳಿಕೆಯನ್ನು ಅಂಕಿಗಳಲ್ಲಿ ಅಳೆದು ಶಾಸ್ತ್ರದ ಪದವಿಗೆ ಏರಿಸಲು ಹೊರಟವರಲ್ಲಿ ಇಂಗ್ಲೆಂಡಿನ ವಿಲಿಯಂ ಸ್ಟ್ಯಾನ್ಲಿ ಜೆವನ್ಸರು ಅಗ್ರಗಣ್ಯರು. ಸೀಮಾಂತ ತುಷ್ಟಿಗುಣದ ಪಾಠದಲ್ಲಿ ಅವರ ಹೆಸರನ್ನು ನಾವೆಲ್ಲರೂ ಕೇಳಿದ್ದೇವೆ. ಅವರ ಬಾಳಿನ ಇನ್ನೊಂದು ಮುಖ ನಮಗೆ ಅಷ್ಟು ಪರಿಚಿತವಲ್ಲ.

ಜೆವನ್ಸರು 1835ರ ಸೆಪ್ಟೆಂಬರ್ 1ರಂದು ಲಿವರ್‌ಪೂಲಿನಲ್ಲಿ ಜನಿಸಿದರು. ತಂದೆ ಕಬ್ಬಿಣದ ವ್ಯಾಪಾರಿ. ಹತ್ತು ವರ್ಷ ತುಂಬುವ ಹೊತ್ತಿಗೆ ತಾಯಿ ತೀರಿಕೊಂಡರು. 1847ರಲ್ಲಿ ಇಂಗ್ಲೆಂಡಿನ ವಾಣಿಜ್ಯದಲ್ಲಿ ಭಾರಿ ಬಿಕ್ಕಟ್ಟು ತಲೆದೋರಿತು. ಮರುವರ್ಷವೇ ಮನೆತನದ ವ್ಯಾಪಾರ ಮುಳುಗಿತು. ಚೆನ್ನಾಗಿ ನಡೆಯುತ್ತಿದ್ದ ಸಂಸಾರ ನೋಡುನೋಡುತ್ತಿದ್ದಂತೆ ನೆಲಕಚ್ಚುವುದನ್ನು ಆ ಬಾಲಕ ಕಣ್ಣಾರೆ ಕಂಡ. ಇಂತಹ ಕುಸಿತಗಳು ಏಕೆ ಬರುತ್ತವೆ, ಅವು ಬರುವುದಕ್ಕೆ ಒಂದು ನಿಯಮವಿದೆಯೇ ಎಂಬ ಪ್ರಶ್ನೆ ಮುಂದೆ ಅವರನ್ನು ಜೀವಮಾನವಿಡೀ ಕಾಡಿತು.

ಲಂಡನ್ನಿನಲ್ಲಿ ಓದುತ್ತಿದ್ದ ಅವರು ಪದವಿ ಮುಗಿಸುವ ಮೊದಲೇ, 1854ರಲ್ಲಿ, ಸಿಡ್ನಿಯ ಟಂಕಸಾಲೆಯಲ್ಲಿ ಚಿನ್ನದ ಶುದ್ಧತೆಯನ್ನು ಪರೀಕ್ಷಿಸುವ ಹುದ್ದೆಗೆ ಹೊರಟರು. ಅಲ್ಲಿ ಬಿಡುವಿನ ವೇಳೆಯಲ್ಲಿ ಮಳೆ, ಗಾಳಿ, ಬಿಸಿಲುಗಳ ಲೆಕ್ಕವನ್ನು ಶ್ರದ್ಧೆಯಿಂದ ಬರೆದಿಟ್ಟರು. ಐದು ವರ್ಷಗಳ ನಂತರ ಕೈತುಂಬ ಸಂಬಳದ ಆ ಕೆಲಸವನ್ನು ಬಿಟ್ಟು ಮತ್ತೆ ವಿದ್ಯಾರ್ಥಿಯಾದರು.

ಹವಾಮಾನವನ್ನು ಅಳೆದ ಕಣ್ಣು ಈಗ ಪೇಟೆಯ ಕಡೆಗೆ ಹೊರಳಿತು. 1862ರಲ್ಲಿ ಅವರು ಬ್ರಿಟಿಷ್ ಅಸೋಸಿಯೇಷನ್ನಿನ ಮುಂದಿಟ್ಟ ಲೇಖನದಲ್ಲಿ ಬಡ್ಡಿಯ ದರ, ದಿವಾಳಿಗಳ ಸಂಖ್ಯೆ, ಸರ್ಕಾರಿ ಸಾಲಪತ್ರಗಳ ಬೆಲೆ, ಗೋಧಿಯ ಬೆಲೆ ಇವುಗಳ ಹಲವು ವರ್ಷಗಳ ಅಂಕಿಗಳನ್ನು ತಿಂಗಳುವಾರು ಸರಾಸರಿ ತೆಗೆದು ತೋರಿಸಿದರು. ಋತುವಿನಿಂದ ಸಹಜವಾಗಿ ಆಗುವ ಏರಿಳಿತವನ್ನು ಮೊದಲು ಕಂಡುಹಿಡಿದು ಬದಿಗಿಟ್ಟರೆ ಮಾತ್ರ ನಿಜವಾದ ಅಪಾಯದ ಗುರುತು ಕಾಣುತ್ತದೆಂಬುದು ಅವರ ವಾದ. ಶರತ್ಕಾಲದಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡಿನಿಂದ ಹಣ ಹೊರಗೆ ಹರಿಯುವುದು ವರ್ಷವರ್ಷವೂ ನಡೆಯುವ ಸಂಗತಿಯೆಂದು 1866ರಲ್ಲಿ ವಿವರಿಸಿದರು. ಇದು ಪಂಡಿತರ ವಿನೋದವಾಗಿರಲಿಲ್ಲ. ಸಹಜವಾದುದನ್ನು ವಿಪತ್ತೆಂದು ಬಗೆದರೆ ಗಾಬರಿ. ವಿಪತ್ತನ್ನು ಸಹಜವೆಂದು ಬಗೆದರೆ ಸಂಸಾರಗಳೇ ಬೀದಿಪಾಲು. ಅದನ್ನು ಅವರು ಅನುಭವದಿಂದ ಬಲ್ಲವರಾಗಿದ್ದರು.

ಅದೇ ವರ್ಷ ಮ್ಯಾಂಚೆಸ್ಟರಿನ ಓವೆನ್ಸ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು; 1871ರಲ್ಲಿ ಅರ್ಥಶಾಸ್ತ್ರದ ಸಿದ್ಧಾಂತವನ್ನು ಕುರಿತ ಅವರ ಪ್ರಸಿದ್ಧ ಗ್ರಂಥ ಹೊರಬಂತು. ಆದರೆ ಬಾಲ್ಯದ ಪ್ರಶ್ನೆ ಬಿಡಲಿಲ್ಲ. ಸೂರ್ಯನ ಮೇಲಿನ ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚುವುದು ಆಗಲೇ ಗೊತ್ತಿತ್ತು. ಸೂರ್ಯನ ಶಾಖ ಬದಲಾದರೆ ಭಾರತದ ಬೆಳೆ ಬದಲಾಗುತ್ತದೆ, ಬೆಳೆ ಕೆಟ್ಟರೆ ನಮ್ಮ ರೈತ ಲ್ಯಾಂಕಶೈರಿನ ಬಟ್ಟೆಯನ್ನು ಕೊಳ್ಳಲಾರ, ಅದರಿಂದ ಇಂಗ್ಲೆಂಡಿನ ವಾಣಿಜ್ಯ ಕುಸಿಯುತ್ತದೆ ಎಂದು ಅವರು ತರ್ಕಿಸಿದರು. 1876ರಿಂದ 78ರವರೆಗೆ ಮದರಾಸು, ಮುಂಬಯಿ ಪ್ರಾಂತಗಳನ್ನೂ ನಮ್ಮ ಮೈಸೂರನ್ನೂ ಧಾತು ಈಶ್ವರ ಸಂವತ್ಸರಗಳ ಬರ ಸುಟ್ಟ ಕಾಲವದು. ಲಕ್ಷಾಂತರ ಜನರನ್ನು ಬಲಿತೆಗೆದುಕೊಂಡ ಕ್ಷಾಮ ಅವರ ವಾದಸರಣಿಯ ಒಂದು ಕೊಂಡಿಯಾಯಿತು.

ಇಲ್ಲಿಯೇ ಈ ಮಹಾ ಮೇಧಾವಿ ಎಡವಿದರು. ಖಗೋಳಜ್ಞರೊಬ್ಬರು ಸೂರ್ಯಕಲೆಗಳ ಆವರ್ತ ಸುಮಾರು ಹತ್ತೂವರೆ ವರ್ಷವೆಂದಾಗ, ವಾಣಿಜ್ಯದ ಕುಸಿತಗಳೂ ಅಷ್ಟೇ ಅಂತರದಲ್ಲಿ ಬರುತ್ತವೆಂದು 1878ರಲ್ಲಿ ಸಾರಿದರು. ನಡುವೆ ತೆರವು ಕಂಡಲ್ಲಿ ಸಂದೇಹಾಸ್ಪದ ಕುಸಿತಗಳನ್ನೂ ಪಟ್ಟಿಗೆ ಸೇರಿಸಿದರು. ಆ ಸಿದ್ಧಾಂತ ಉಳಿಯಲಿಲ್ಲ.

1882ರ ಆಗಸ್ಟ್ 13ರಂದು, ಹೇಸ್ಟಿಂಗ್ಸ್ ಬಳಿ ಸಮುದ್ರದಲ್ಲಿ ಈಜಲು ಇಳಿದ ಜೆವನ್ಸರು ಮುಳುಗಿ ಮೃತರಾದರು. ಆಗ ಅವರಿಗೆ 46 ವರ್ಷ.

ಅವರು ಬಿಟ್ಟುಹೋದ ಪ್ರಶ್ನೆಯನ್ನು ಇತರರು ಕೈಗೆತ್ತಿಕೊಂಡರು. ಸಂಬಂಧವೇ ಇಲ್ಲದ ಎರಡು ಕಾಲಶ್ರೇಣಿಗಳು ಜೊತೆಯಾಗಿ ನಡೆದಂತೆ ತೋರಬಲ್ಲವೆಂದು 1926ರಲ್ಲಿ ಉಡ್ನಿ ಯೂಲ್ ತೋರಿಸಿದರು. ಗೂಟಕ್ಕೆ ಕಟ್ಟಿದ ಹಸು ಎಷ್ಟು ಅಲೆದರೂ ಗೂಟದ ಸುತ್ತಲೇ ಇರುತ್ತದೆ. ಹಗ್ಗ ಬಿಚ್ಚಿದ ಹಸು ಇಂದು ನಿಂತಲ್ಲಿಂದಲೇ ನಾಳೆ ಮುಂದೆ ಹೋಗುತ್ತದೆ. ಎರಡನೆಯ ಬಗೆಯ ಶ್ರೇಣಿಯಲ್ಲಿ ಯೂನಿಟ್ ರೂಟ್ ಇದೆಯೆನ್ನುತ್ತಾರೆ. ಶ್ರೇಣಿ ಯಾವ ಬಗೆಯದೆಂದು ತಿಳಿಯುವ ಪರೀಕ್ಷೆಯನ್ನು 1979ರಲ್ಲಿ ಡಿಕಿ ಮತ್ತು ಫುಲ್ಲರ್ ಕೊಟ್ಟರು. ಋತುವಿನ ಏರಿಳಿತವೇ ಹೀಗೆ ಹಗ್ಗ ಬಿಚ್ಚಿಕೊಂಡು ಅಲೆಯಬಹುದು. ಆಗ ಜೆವನ್ಸರ ತಿಂಗಳುವಾರು ಸರಾಸರಿ ನಮ್ಮನ್ನು ದಾರಿ ತಪ್ಪಿಸುತ್ತದೆ. ಇದಕ್ಕೆ ತಕ್ಕ ಪರೀಕ್ಷೆಯನ್ನು 1990ರಲ್ಲಿ ಹಿಲ್ಲೆಬರ್ಗ್, ಎಂಗಲ್, ಗ್ರೇಂಜರ್ ಮತ್ತು ಯೂ ಎಂಬ ನಾಲ್ವರು ರೂಪಿಸಿದರು.

ಈ ಪರೀಕ್ಷೆಗಳು ಜೆವನ್ಸರ ಕೈಯಲ್ಲಿರಲಿಲ್ಲ. ಋತುವಿನ ಲೆಕ್ಕದಲ್ಲಿ ಅವರು ಅಂಕಿಗಳು ಹೇಳಿದ್ದನ್ನು ಕೇಳಿದರು. ಸೂರ್ಯನ ಲೆಕ್ಕದಲ್ಲಿ ತಾವು ಬಯಸಿದ್ದನ್ನು ಅಂಕಿಗಳಿಂದ ಹೇಳಿಸಿದರು. ಅಂಕಿಗಳ ಜೊತೆ ಬದುಕಲಿರುವ ವಿದ್ಯಾರ್ಥಿ ಮಿತ್ರರಿಗೆ ಅವರ ಸಾಧನೆಯಂತೆ ಅವರ ತಪ್ಪೂ ಒಂದು ಪಾಠವೇ ಸರಿ.