ಮೂರು ಸೆಕೆಂಡಿನ ಸಂಕಟ: ಮೀಟರಿಗಾಗಿ ಭೂಮಿ ಅಳೆದ ಮೆಶೆನ್

ಬಟ್ಟೆ ಅಂಗಡಿಯ ಮೀಟರು ಕೋಲನ್ನು ನಾವು ಯಾರೂ ಅನುಮಾನಿಸುವುದಿಲ್ಲ. ಆದರೆ ಆ ಅಳತೆಯನ್ನು ಜಗತ್ತಿಗೆ ಒದಗಿಸಿದವರಲ್ಲಿ ಒಬ್ಬನು ತನ್ನದೇ ಅಳತೆಯ ಮೇಲಿನ ಅನುಮಾನದಲ್ಲಿ ಹನ್ನೊಂದು ವರ್ಷ ಬೆಂದುಹೋದ. ಆತನೇ ಫ್ರಾನ್ಸಿನ ಖಗೋಳಜ್ಞ ಪಿಯೆರ್ ಮೆಶೆನ್.

1744ರ ಆಗಸ್ಟ್ 16ರಂದು ಉತ್ತರ ಫ್ರಾನ್ಸಿನ ಲಾನ್ ಪಟ್ಟಣದಲ್ಲಿ ಮೆಶೆನ್ ಜನಿಸಿದ. ಗಣಿತದಲ್ಲಿ ಪ್ರತಿಭಾವಂತನಾಗಿದ್ದರೂ ಹಣದ ಅಡಚಣೆಯಿಂದ ಓದು ಅರ್ಧಕ್ಕೇ ನಿಂತಿತು. ಖಗೋಳಜ್ಞ ಲಾಲಾಂಡನ ಆಶ್ರಯ ದೊರೆತ ಮೇಲೆ ಆತನ ಬದುಕಿನ ದಿಕ್ಕು ಬದಲಾಯಿತು. ರಾತ್ರಿಗಳನ್ನು ದೂರದರ್ಶಕದ ಮುಂದೆ ಕಳೆದು ಹಲವು ಧೂಮಕೇತುಗಳನ್ನು ಗುರುತಿಸಿದ. ಇಂದು ಎಂಕೆಯ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಧೂಮಕೇತುವನ್ನು 1786ರಲ್ಲಿ ಮೊದಲು ಕಂಡವನೂ ಈತನೇ. 1782ರಲ್ಲಿ ವಿಜ್ಞಾನ ಅಕಾಡೆಮಿಯ ಸದಸ್ಯತ್ವ ಅರಸಿ ಬಂದಿತು. ಲೆಕ್ಕದಲ್ಲಿ ಎಳ್ಳಷ್ಟೂ ಸಡಿಲ ಸಹಿಸದವನೆಂಬ ಹೆಸರು ಆಗಲೇ ನೆಲೆಗೊಂಡಿತ್ತು.

ಆ ಕಾಲದ ಫ್ರಾನ್ಸಿನಲ್ಲಿ ಊರಿಗೊಂದು ಮೊಳ, ಸಂತೆಗೊಂದು ಸೇರು. ಈ ಗೊಂದಲವನ್ನು ನೀಗಿಸಲು ಅಕಾಡೆಮಿಯು 1791ರಲ್ಲಿ ಹೊಸ ಮಾನವೊಂದನ್ನು ಸೂಚಿಸಿತು. ಉತ್ತರ ಧ್ರುವದಿಂದ ಸಮಭಾಜಕ ವೃತ್ತದವರೆಗಿನ ದೂರದ ಒಂದು ಕೋಟಿಯಲ್ಲೊಂದು ಭಾಗವೇ ಮೀಟರ್. ಅಷ್ಟು ದೂರವನ್ನು ಅಳೆಯುವುದು ಅಸಾಧ್ಯವಾದ್ದರಿಂದ ಡನ್‌ಕರ್ಕ್‌ನಿಂದ ಬಾರ್ಸಿಲೋನಾವರೆಗಿನ ಸಾವಿರ ಕಿಲೋಮೀಟರಿಗೂ ಮಿಕ್ಕ ತುಂಡನ್ನು ತ್ರಿಕೋನಗಳ ಸರಪಣಿಯಿಂದ ಅಳೆದು, ಎರಡು ತುದಿಗಳ ಅಕ್ಷಾಂಶವನ್ನು ನಕ್ಷತ್ರಗಳಿಂದ ಗೊತ್ತುಮಾಡಿ, ಉಳಿದುದನ್ನು ಲೆಕ್ಕದಿಂದ ಪಡೆಯುವುದೆಂದು ನಿಶ್ಚಯವಾಯಿತು. ಉತ್ತರದ ಪಾಲು ಡೆಲಾಂಬ್ರನಿಗೆ, ರೊಡೆಜ್‌ನಿಂದ ದಕ್ಷಿಣದ ಪಾಲು ಮೆಶೆನ್‌ಗೆ ಬಂದಿತು. 1792ರ ಜೂನ್ ತಿಂಗಳಲ್ಲಿ ಇಬ್ಬರೂ ಪ್ಯಾರಿಸ್ ಬಿಟ್ಟರು.

ಮೆಶೆನ್‌ನ ಕೈಯಲ್ಲಿದ್ದುದು ಬೋರ್ಡಾ ರೂಪಿಸಿದ ಆವರ್ತನ ವೃತ್ತವೆಂಬ ನವೀನ ಉಪಕರಣ. ಒಂದೇ ಕೋನವನ್ನು ಮತ್ತೆ ಮತ್ತೆ ಅಳೆದು ಒಟ್ಟು ಮೊತ್ತವನ್ನು ಭಾಗಿಸಿದರೆ ಕಣ್ಣು, ಕೈಗಳ ಚಿಕ್ಕಪುಟ್ಟ ತಪ್ಪುಗಳು ಒಂದನ್ನೊಂದು ನುಂಗಿಹಾಕುತ್ತಿದ್ದವು. 1792-93ರ ಚಳಿಗಾಲದಲ್ಲಿ ಬಾರ್ಸಿಲೋನಾದ ಮೊಂಜುಯಿಕ್ ಕೋಟೆಯ ಮೇಲೆ ಆತ ಅಕ್ಷಾಂಶವನ್ನು ಅಳೆದ. ಅಳತೆಗಳು ಪರಸ್ಪರ ಸೊಗಸಾಗಿ ಹೊಂದಿಕೊಂಡವು.

ಅಷ್ಟರಲ್ಲಿ ವಿಧಿ ಮುನಿಯಿತು. 1793ರ ಮಾರ್ಚ್‌ನಲ್ಲಿ ಫ್ರಾನ್ಸ್ ಮತ್ತು ಸ್ಪೇನ್ ನಡುವೆ ಯುದ್ಧ ಆರಂಭವಾಯಿತು. ಆ ವಸಂತದಲ್ಲೇ ನೀರೆತ್ತುವ ಯಂತ್ರವೊಂದನ್ನು ನೋಡಲು ಹೋದಾಗ ಅದರ ಹೊಡೆತಕ್ಕೆ ಸಿಕ್ಕಿ ಪಕ್ಕೆಲುಬು, ಕೊರಳ ಮೂಳೆ ಮುರಿದು ಪ್ರಜ್ಞಾಹೀನನಾಗಿ ಬಿದ್ದ. ಚೇತರಿಸಿಕೊಂಡರೂ ಶತ್ರುದೇಶದವನಾದ ಆತನಿಗೆ ಸ್ಪೇನ್ ಬಿಡಲು ಅನುಮತಿ ಸಿಗಲಿಲ್ಲ. ಕೋಟೆಯ ಬಾಗಿಲೂ ಮುಚ್ಚಿತು. ಸುಮ್ಮನೆ ಕೂರಲಾರದೆ ಮುಂದಿನ ಚಳಿಗಾಲದಲ್ಲಿ ನಗರದ ತನ್ನ ವಸತಿಗೃಹದಿಂದಲೇ ಅಕ್ಷಾಂಶವನ್ನು ಇನ್ನೊಮ್ಮೆ ಅಳೆದ. ಕೋಟೆಗೂ ವಸತಿಗೃಹಕ್ಕೂ ನಡುವಿನ ಅಂತರವನ್ನು ಕಳೆದು ನೋಡಿದರೆ ಎರಡು ಫಲಿತಾಂಶಗಳ ನಡುವೆ ಮೂರು ಸೆಕೆಂಡಿಗೂ ತುಸು ಹೆಚ್ಚಿನ ವ್ಯತ್ಯಾಸ. ಇಲ್ಲಿ ಸೆಕೆಂಡೆಂದರೆ ಒಂದು ಡಿಗ್ರಿಯ 3,600ರಲ್ಲೊಂದು ಪಾಲು. ನೆಲದ ಮೇಲೆ ಇದು ಸುಮಾರು ನೂರು ಮೀಟರಿನ ಅಂತರ.

ಇಲ್ಲಿ ಎರಡು ಮಾತುಗಳನ್ನು ಬಿಡಿಸಿ ತಿಳಿಯಬೇಕು. ಮತ್ತೆ ಮತ್ತೆ ಅಳೆದಾಗ ಒಂದೇ ಉತ್ತರ ಬರುವುದು ನಿಷ್ಕೃಷ್ಟತೆ. ಆ ಉತ್ತರ ನಿಜಕ್ಕೆ ಹತ್ತಿರವಿರುವುದು ನಿಖರತೆ. ಐದು ನಿಮಿಷ ಮುಂದಿರುವ ಗೋಡೆ ಗಡಿಯಾರವು ದಿನವೂ ತಪ್ಪದೆ ಅದೇ ಐದು ನಿಮಿಷ ಮುಂದಿರುತ್ತದೆ. ಅದನ್ನು ನೂರು ಸಲ ನೋಡಿದರೂ ಸರಿಯಾದ ವೇಳೆ ತಿಳಿಯದು. ಮೆಶೆನ್‌ನ ಅಳತೆಗಳಲ್ಲಿ ನಿಷ್ಕೃಷ್ಟತೆಗೆ ಕೊರತೆಯಿರಲಿಲ್ಲ. ಆದ್ದರಿಂದಲೇ ಅವು ನಿಖರವೂ ಆಗಿರಬೇಕೆಂದು ಆತ ನಂಬಿದ. ಈ ಎರಡನ್ನೂ ಬೇರ್ಪಡಿಸಿ ನೋಡುವ ಶಾಸ್ತ್ರ ಅಂದು ಇನ್ನೂ ಸಿದ್ಧವಾಗಿರಲಿಲ್ಲ. ವ್ಯತ್ಯಾಸ ಕಂಡಾಗ ಆತ ದೂಷಿಸಿದ್ದು ತನ್ನನ್ನೇ.

ಆತ ಈ ಸಂಗತಿಯನ್ನು ಯಾರಿಗೂ ಹೇಳಲಿಲ್ಲ. ಇಟಲಿಯ ಮಾರ್ಗವಾಗಿ ಫ್ರಾನ್ಸಿಗೆ ಮರಳಿದರೂ ಪ್ಯಾರಿಸ್ಸಿಗೆ ಮುಖ ತೋರಿಸಲು ಹಿಂಜರಿದು ಬೆಟ್ಟಗಳಲ್ಲಿ ಅಲೆದ. 1798ರಲ್ಲಿ ಪತ್ನಿಯೇ ಪ್ಯಾರಿಸ್ಸಿನಿಂದ ಬಂದು ಧೈರ್ಯ ತುಂಬಬೇಕಾಯಿತು. ಅಂತರರಾಷ್ಟ್ರೀಯ ಸಮಿತಿಯ ಮುಂದೆ ಆತ ಮೂಲ ಟಿಪ್ಪಣಿಗಳನ್ನಿಡದೆ ಸಾರಾಂಶವನ್ನಷ್ಟೇ ಮಂಡಿಸಿದ. ವಸತಿಗೃಹದ ಅಳತೆಗಳನ್ನು ಮರೆಮಾಡಿದ. ಸಮಿತಿ ಮೆಚ್ಚಿಕೊಂಡಿತು. 1799ರ ಜೂನ್ 22ರಂದು ಪ್ಲಾಟಿನಮ್ ಮೀಟರು ಪಟ್ಟಿ ಅಧಿಕೃತವಾಗಿ ಸಲ್ಲಿಕೆಯಾಯಿತು. ಪ್ಯಾರಿಸ್ ವೀಕ್ಷಣಾಲಯದ ಹೊಣೆಯೂ ಮೆಶೆನ್‌ಗೆ ಒಲಿಯಿತು. ಹೊಗಳಿಕೆ ಹೆಚ್ಚಿದಷ್ಟೂ ಒಳಗಿನ ಕೊರೆತ ಹೆಚ್ಚಿತು.

ಸರ್ವೆಯನ್ನು ಬಾಲಿಯಾರಿಕ್ ದ್ವೀಪಗಳವರೆಗೆ ವಿಸ್ತರಿಸಿದರೆ ಬಾರ್ಸಿಲೋನಾದ ಅಕ್ಷಾಂಶದ ಅಗತ್ಯವೇ ಇರುವುದಿಲ್ಲವೆಂದು ಆತ ಎಣಿಸಿದ. ಆರಾಮದ ಪದವಿಯನ್ನು ಬಿಟ್ಟು 1803ರಲ್ಲಿ ಮತ್ತೆ ಸ್ಪೇನಿಗೆ ಹೊರಟ. ಜೌಗು ಕರಾವಳಿಯಲ್ಲಿ ಜ್ವರ ಹಿಡಿದು 1804ರ ಸೆಪ್ಟೆಂಬರ್ 20ರಂದು ಕಾಸ್ಟೆಲ್ಲೋನ್ ಎಂಬಲ್ಲಿ ಅಸುನೀಗಿದ.

ಕಾಗದಪತ್ರಗಳು ಡೆಲಾಂಬ್ರನ ಕೈಸೇರಿದಾಗ ಗುಟ್ಟು ಬಯಲಾಯಿತು. ಆತ ಅವುಗಳನ್ನು ಸುಡಲಿಲ್ಲ. ಮುಂದಿನವರ ಪರಿಶೀಲನೆಗೆಂದು ವೀಕ್ಷಣಾಲಯದಲ್ಲಿ ಭದ್ರಪಡಿಸಿದ. 1828ರಲ್ಲಿ ನಿಕೊಲೆ ಎಂಬ ಖಗೋಳಜ್ಞ ಆ ಅಂಕಿಗಳನ್ನು ಹೊಸದಾಗಿ ವಿಂಗಡಿಸಿದ. ಉಪಕರಣದ ಸಣ್ಣ ಓರೆಯಿಂದಾಗಿ ನೆತ್ತಿಯ ಉತ್ತರಕ್ಕಿದ್ದ ನಕ್ಷತ್ರಗಳ ಅಳತೆ ಒಂದು ಕಡೆಗೆ, ದಕ್ಷಿಣದವುಗಳದು ಇನ್ನೊಂದು ಕಡೆಗೆ ವಾಲುತ್ತಿತ್ತು. ಎರಡೂ ದಿಕ್ಕಿನವನ್ನು ಸಮನಾಗಿ ತೂಗಿದೊಡನೆ ಆ ವ್ಯತ್ಯಾಸ ಬಹುಮಟ್ಟಿಗೆ ಕರಗಿತು. ದೋಷ ಇದ್ದುದು ಉಪಕರಣದಲ್ಲಿ, ಮೆಶೆನ್‌ನ ಕಣ್ಣಿನಲ್ಲಲ್ಲ. ಬಚ್ಚಿಟ್ಟ ಅಂಕಿಗಳೇ ಆತನನ್ನು ದೋಷಮುಕ್ತಗೊಳಿಸಿದವು.

ಅಂದಿನ ಮೀಟರು ತನ್ನ ಮೂಲ ವ್ಯಾಖ್ಯೆಗಿಂತ ಸುಮಾರು 0.2 ಮಿಲಿಮೀಟರಿನಷ್ಟು ಗಿಡ್ಡ. ಭೂಮಿಯ ಚಪ್ಪಟೆತನವನ್ನು ತಪ್ಪಾಗಿ ಅಂದಾಜಿಸಿದ್ದೇ ಅದಕ್ಕೆ ಮುಖ್ಯ ಕಾರಣ. 1983ರಿಂದ ಮೀಟರಿಗೆ ಬೆಳಕಿನ ವೇಗವೇ ಆಧಾರ. ಇಂದು ಪ್ರಯೋಗಾಲಯಗಳು ಅಳತೆಯ ಜೊತೆಗೇ ಅದರ ಅನಿಶ್ಚಿತತೆಯನ್ನೂ ಬರೆದಿಡುತ್ತವೆ. ಹಾಗೆ ಬರೆಯುವುದು ಅವಮಾನವಲ್ಲ, ಕರ್ತವ್ಯ. ಈ ತಿಳಿವಳಿಕೆ ಮೆಶೆನ್‌ನ ಕಾಲಕ್ಕೇ ಬಂದಿದ್ದರೆ ಆತ ಆ ಮೂರು ಸೆಕೆಂಡುಗಳನ್ನು ಸಮಿತಿಯ ಮುಂದೆ ಧೈರ್ಯವಾಗಿ ಇಡಬಹುದಿತ್ತು.