ಹಾವಿಗೆ ಪೆಟ್ಟಿಗೆ ಕಟ್ಟುವ ಮೊದಲು: ಪ್ಯಾಟ್ರಿಕ್ ರಸೆಲ್ ಕಥೆ

ಮೈಸೂರಿನ ಹೂಟಗಳ್ಳಿಯಂಥ ಬಡಾವಣೆಯ ಖಾಲಿ ಸೈಟಿನಲ್ಲಿ ಕಂದು ಮಚ್ಚೆಯ ದಪ್ಪ ಮರಿಹಾವು ಕಂಡರೆ ಹೆಬ್ಬಾವಿನ ಮರಿ ಎನಿಸಬಹುದು. ಡಬ್ಬಿಗೆ ಹಾಕಿ ಸಾಕೋಣ ಎನ್ನುವ ಆಸೆಯೂ ಬರಬಹುದು. ಆದರೆ ಅದು ಕೊಳಕುಮಂಡಲವಾಗಿದ್ದರೆ? ಅದರ ಮರಿಗೆ ಹುಟ್ಟಿದ ದಿನದಿಂದಲೇ ವಿಷವಿರುತ್ತದೆ. ಇಂಗ್ಲಿಷಿನಲ್ಲಿ ಇದು ರಸೆಲ್ಸ್ ವೈಪರ್. ಆ ರಸೆಲ್ ಯಾರೆಂದು ನೋಡೋಣ.

ಪ್ಯಾಟ್ರಿಕ್ ರಸೆಲ್ 1726ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿದರು. ವೈದ್ಯರಾಗಿ ಸಿರಿಯಾದ ಅಲೆಪ್ಪೊದಲ್ಲಿ ವರ್ಷಗಟ್ಟಲೆ ಇದ್ದು, ಅಲ್ಲಿನ ಪ್ಲೇಗ್ ಹಾವಳಿಯನ್ನು ಕಣ್ಣಾರೆ ಕಂಡರು. ಐವತ್ತು ದಾಟಿದ ಮೇಲೆ ತಮ್ಮನ ಜೊತೆ ವಿಶಾಖಪಟ್ಟಣಕ್ಕೆ ಬಂದರು. 1785ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅವರನ್ನು ಮದರಾಸು ಪ್ರಾಂತ್ಯದ ನಿಸರ್ಗ ವಿಜ್ಞಾನಿಯಾಗಿ ನೇಮಿಸಿತು.

ಜನ ಹಾವು ಕಚ್ಚಿ ಸಾಯುತ್ತಿದ್ದರು. ವಿಷದ ಹಾವನ್ನು ನೋಡಿದ ಕೂಡಲೇ ಗುರುತಿಸುವ ಸುಲಭ ಉಪಾಯ ಹುಡುಕುವುದು ರಸೆಲ್ ಆಸೆ. ಹಾವುಗಳನ್ನು ತರಿಸಿದರು, ಹೊಟ್ಟೆಯ ಪೊರೆ ಎಣಿಸಿದರು, ನಾಯಿ, ಕೋಳಿಗಳಿಗೆ ಕಚ್ಚಿಸಿ ಲಕ್ಷಣ ಬರೆದಿಟ್ಟರು (ಇಂದು ಓದಲು ಕಷ್ಟವೆನಿಸುವ ಭಾಗವಿದು). ಆಗ ಹೆಸರುವಾಸಿಯಾಗಿದ್ದ ತಂಜಾವೂರಿನ ಗುಳಿಗೆಯನ್ನೂ ಪರೀಕ್ಷಿಸಿದರು. ಕೊನೆಗೆ ಸಿಕ್ಕ ಉತ್ತರ ನಿರಾಸೆಯದು. ಬಣ್ಣವಾಗಲಿ, ಪೊರೆಯ ಲೆಕ್ಕವಾಗಲಿ ನಂಬುವಂತಿಲ್ಲ. ಬಾಯಿ ತೆರೆದು ವಿಷದ ಹಲ್ಲು ನೋಡಿದರೇ ಖಚಿತ. ಅದನ್ನು ಮನೆಯಲ್ಲಿ ನಾವಾರೂ ಮಾಡುವಂತಿಲ್ಲ.

ಅದಕ್ಕೇ ನಾವು ಹೇಳುವುದು, ಪೆಟ್ಟಿಗೆಯ ಮಾತು ಆಮೇಲೆ. ನಾಗರ, ಕೇರೆ, ಹೆಬ್ಬಾವು, ಕೊಳಕುಮಂಡಲ ಇವನ್ನೆಲ್ಲ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಬಾಲ್ ಪೈಥಾನ್‌ನಂಥ ವಿದೇಶಿ ಹಾವಿಗೂ ಸರ್ಕಾರದಲ್ಲಿ ನೋಂದಣಿ ಬೇಕು. ಕಾನೂನುಬದ್ಧವಾಗಿ ಅದನ್ನು ಸಾಕುವವರು ಗೂಡಿನ ಒಂದು ತುದಿ ಸುಮಾರು 32 ಡಿಗ್ರಿ, ಇನ್ನೊಂದು ತುದಿ ಸುಮಾರು 25 ಡಿಗ್ರಿ ಇರುವಂತೆ ನೋಡಿಕೊಳ್ಳುತ್ತಾರೆ. ಹಾವು ತನ್ನ ಮೈಯನ್ನು ತಾನೇ ಬಿಸಿ ಮಾಡಿಕೊಳ್ಳಲಾರದು. ಬೇಕಾದ ಕಡೆಗೆ ಹರಿದು ಹೋಗುತ್ತದೆ. ಎರಡೂ ಕಡೆ ಅಡಗುವ ಜಾಗ, ನೀರಿನ ಬಟ್ಟಲು, ಬೀಗದ ಮುಚ್ಚಳ ಬೇಕೇ ಬೇಕು. ಹಾಲಂತೂ ಬೇಡ, ಅದು ಹಾವಿನ ಆಹಾರವಲ್ಲ. ಸೈಟಿನಲ್ಲಿ ಕಂಡ ಮರಿಯನ್ನು ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿ.

ರಸೆಲ್ 1789ರಲ್ಲಿ ಇಂಗ್ಲೆಂಡಿಗೆ ಮರಳಿದರು. ಹಾವುಗಳ ಕುರಿತ ಅವರ ದೊಡ್ಡ ಚಿತ್ರಗ್ರಂಥದ ಮೊದಲ ಸಂಪುಟ 1796ರಲ್ಲಿ ಬಂತು. ಮರುವರ್ಷ ಜಾರ್ಜ್ ಶಾ ಕೊಳಕುಮಂಡಲಕ್ಕೆ ಅವರ ಹೆಸರಿಟ್ಟರು. 1805ರಲ್ಲಿ ಅವಿವಾಹಿತರಾಗಿಯೇ ತೀರಿಕೊಂಡ ರಸೆಲ್ ಮಾತ್ರ ತಮ್ಮ ಪುಸ್ತಕದಲ್ಲಿ ಆ ಹಾವಿಗೆ ಬರೆದದ್ದು ಊರಿನವರಿಂದ ಕೇಳಿದ ತೆಲುಗು ಹೆಸರು: ಕಟುಕ ರೇಕುಲ ಪೊಡ.