ಆರು ಮೂಲೆಯ ನಳಿಗೆ

ಹಳೆಯ ಯಂತ್ರವೊಂದನ್ನು ಬಿಚ್ಚಿ ಜೋಡಿಸುವ ನಮ್ಮ ನಾಡಿನ ಫಿಟ್ಟರು, ಕೈಗೆ ಸಿಕ್ಕ ಬೋಲ್ಟಿಗೆ ನಟ್ಟು ಕೂಡದಿದ್ದಾಗ, ಇದು ವಿಟ್ವರ್ತ್ ತಿರುಪಾಗಿರಬೇಕೆಂದು ಹೇಳುವುದುಂಟು. ಆ ಶಬ್ದವು ಒಬ್ಬ ಮನುಷ್ಯನ ಹೆಸರೆಂಬುದು ಅದನ್ನು ಆಡುವ ಎಷ್ಟೋ ಮಂದಿಗೆ ತಿಳಿಯದು. ಆ ಮನುಷ್ಯನೇ ತನ್ನ ಬಾಳಿನ ನಡುಹಗಲಿನಲ್ಲಿ ತಿರುಪು ಚರಕಿಗಳನ್ನು ಬದಿಗಿರಿಸಿ, ದೂರದ ಗುರಿಯನ್ನು ತಪ್ಪದೆ ಮುಟ್ಟುವ ಒಂದು ರೈಫಲನ್ನು ಕಟ್ಟಲು ವರ್ಷಗಟ್ಟಲೆ ಶ್ರಮಿಸಿದನೆಂಬುದು ಇನ್ನೂ ಕಡಿಮೆ ಜನಕ್ಕೆ ಗೊತ್ತು. ಗೆಲವು ಸೋಲುಗಳೆರಡೂ ಕೂಡಿಕೊಂಡ ಕತೆ ಅದು.

ಜೋಸೆಫ್ ವಿಟ್ವರ್ತನು 1803ರ ಡಿಸೆಂಬರ್ 21ರಂದು ಇಂಗ್ಲೆಂಡಿನ ಸ್ಟಾಕ್‌ಪೋರ್ಟ್ ಪಟ್ಟಣದಲ್ಲಿ ಹುಟ್ಟಿದನು. ತಂದೆ ಉಪಾಧ್ಯಾಯ; ಮುಂದೆ ಕ್ರೈಸ್ತ ಧರ್ಮೋಪದೇಶಕನಾದವನು. ತಾಯಿ ಎಳವೆಯಲ್ಲಿಯೇ ತೀರಿಕೊಂಡಳು. ಹದಿನಾಲ್ಕನೆಯ ವಯಸ್ಸಿನಲ್ಲಿ ಹುಡುಗನನ್ನು ಡರ್ಬಿಷೈರಿನಲ್ಲಿದ್ದ ಸೋದರಮಾವನ ಹತ್ತಿಯ ಗಿರಣಿಗೆ ಸೇರಿಸಿದರು. ಮುಂದೊಂದು ದಿನ ಗಿರಣಿಯ ಪಾಲುದಾರನಾಗಲಿ ಎಂಬುದು ಹಿರಿಯರ ಎಣಿಕೆ. ಹುಡುಗನ ಕಣ್ಣು ನೂಲಿನ ಮೇಲೆ ನಿಲ್ಲಲಿಲ್ಲ, ನೂಲುವ ಯಂತ್ರದ ಮೇಲೆ ನಿಂತಿತು. ಕೆಲವು ವರ್ಷ ಕಳೆದ ಮೇಲೆ ಗಿರಣಿಯನ್ನು ತೊರೆದು ಮ್ಯಾಂಚೆಸ್ಟರಿಗೆ ಹೋಗಿ ಸಾಮಾನ್ಯ ಕಮ್ಮಟಿಗನಾಗಿ ಕೂಲಿಗೆ ನಿಂತನು.

1825ರಲ್ಲಿ ಆತ ಲಂಡನ್ನಿನ ಹೆನ್ರಿ ಮಾಡ್‌ಸ್ಲೆಯ ಕಾರ್ಖಾನೆಯನ್ನು ಸೇರಿದನು. ಆ ಕಾಲದ ಯಂತ್ರಶಿಲ್ಪಿಗಳಿಗೆ ಅದು ಗುರುಕುಲವೇ ಆಗಿದ್ದಿತು. ಸಮತಟ್ಟಾದ ಲೋಹದ ಫಲಕವನ್ನು ಮಾಡುವುದು ಎಲ್ಲ ನಿಖರ ಕೆಲಸಕ್ಕೂ ಬುನಾದಿ. ಆಗಿನ ರೂಢಿಯಂತೆ ಎರಡು ಫಲಕಗಳನ್ನು ಒಂದಕ್ಕೊಂದು ಉಜ್ಜಿ ನಯಗೊಳಿಸುತ್ತಿದ್ದರು. ಆದರೆ ಒಂದು ಉಬ್ಬಿ ಇನ್ನೊಂದು ತಗ್ಗಿದ್ದರೂ ಅವು ಪರಸ್ಪರ ಹೊಂದಿಕೊಂಡುಬಿಡುತ್ತವೆ. ಎರಡು ಸುಳ್ಳುಗಳು ಒಂದಕ್ಕೊಂದು ಸಾಕ್ಷಿ ನುಡಿದಂತೆ. ವಿಟ್ವರ್ತನು ಮೂರು ಫಲಕಗಳನ್ನು ತೆಗೆದುಕೊಂಡು, ಒಂದೊಂದನ್ನೂ ಉಳಿದೆರಡರೊಡನೆ ಹೋಲಿಸಿ, ಉಬ್ಬಿದ ಎಡೆಯನ್ನಷ್ಟೇ ಹೆರೆದು ತೆಗೆಯುತ್ತ ಹೋದನು. ಮೂರೂ ಪರಸ್ಪರ ಕೂಡಬೇಕಾದರೆ ಮೂರೂ ನಿಜವಾಗಿ ಸಮತಟ್ಟಾಗಿರಲೇಬೇಕು. ಊಹೆಗೆ ಎಡೆಗೊಡದೆ, ಹೋಲಿಸಿ ಅಳೆದು ನಿರ್ಣಯಿಸುವ ಈ ಕ್ರಮವೇ ಮುಂದೆ ಆತನ ಬಾಳಿನ ಸೂತ್ರವಾಯಿತು.

1833ರಲ್ಲಿ ಮ್ಯಾಂಚೆಸ್ಟರಿಗೆ ಮರಳಿ ಸ್ವಂತ ಕಾರ್ಖಾನೆಯನ್ನು ತೆರೆದನು. 1841ರಲ್ಲಿ, ಊರೂರಿನ ಕಾರ್ಖಾನೆಗಳಿಂದ ತಿರುಪುಗಳನ್ನು ಕೂಡಿಹಾಕಿ, ಅವುಗಳ ಸರಾಸರಿ ತೆಗೆದು, 55 ಡಿಗ್ರಿ ಕೋನದ ಏಕರೂಪದ ತಿರುಪಿನ ಪದ್ಧತಿಯನ್ನು ಮುಂದಿಟ್ಟನು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಆತ ತೋರಿಸಿದ ಅಳತೆಯ ಯಂತ್ರವು ಅಂಗುಲದ ಹತ್ತು ಲಕ್ಷದಲ್ಲೊಂದು ಭಾಗದ ಅಂತರವನ್ನೂ ಗುರುತಿಸಬಲ್ಲುದಾಗಿದ್ದಿತು.

1854ರಲ್ಲಿ ಬ್ರಿಟನ್ನು ಕ್ರಿಮಿಯಾ ಯುದ್ಧಕ್ಕೆ ಇಳಿಯಿತು. ಸೇನೆಗೆ ರೈಫಲುಗಳು ರಾಶಿಯಾಗಿ ಬೇಕಾದುವು. ಅವುಗಳನ್ನು ತಯಾರಿಸುವ ಯಂತ್ರಗಳನ್ನು ರಚಿಸಿಕೊಡಬೇಕೆಂದು ಸರಕಾರವು ವಿಟ್ವರ್ತನನ್ನು ಕೇಳಿಕೊಂಡಿತು. ಆತನ ಉತ್ತರ ಅಧಿಕಾರಿಗಳಿಗೆ ವಿಚಿತ್ರವಾಗಿ ತೋರಿರಬೇಕು. ಒಳ್ಳೆಯ ರೈಫಲು ಹೇಗಿರಬೇಕೆಂಬುದನ್ನೇ ಯಾರೂ ಅಳೆದು ತಿಳಿದಿಲ್ಲ. ಅದು ತಿಳಿಯದೆ ಯಂತ್ರ ಮಾಡಿ ಫಲವಿಲ್ಲ. ಮೊದಲು ಪ್ರಯೋಗಕ್ಕೆ ಏರ್ಪಾಡಾಗಲಿ ಎಂದು ಆತ ತಿಳಿಸಿದನು. ಕೋವಿಯ ಕಸುಬಿನಲ್ಲಿ ಎಂದೂ ಕೈಯಿಟ್ಟಿರದವನು ಕೋವಿಯ ಕಸುಬಿಗೇ ಪಾಠ ಹೇಳಹೊರಟಂತಾಯಿತು.

ಸರಕಾರ ಒಪ್ಪಿತು. ಮ್ಯಾಂಚೆಸ್ಟರಿನ ಬಳಿ, ಆತನ ಮನೆಯ ಆವರಣದಲ್ಲಿ, 500 ಗಜ ಉದ್ದದ ಮುಚ್ಚಿದ ಚಾವಡಿಯೊಂದು ಎದ್ದಿತು. ಗಾಳಿಯ ಹೊಡೆತ ಗುಂಡಿಗೆ ತಾಗಬಾರದೆಂಬುದು ಅದರ ಉದ್ದೇಶ. ದೈವದ ವಿನೋದವೋ ಎಂಬಂತೆ, ಬಿರುಗಾಳಿಯೇ ಆ ಚಾವಡಿಯನ್ನು ಕೆಡವಿಬಿಟ್ಟಿತು. ಮತ್ತೆ ಕಟ್ಟಿಸಿ, 1855ರಲ್ಲಿ ಪ್ರಯೋಗಗಳನ್ನು ಆರಂಭಿಸಿದನು. ಚಾವಡಿಯುದ್ದಕ್ಕೂ ತೆಳುಗಾಗದದ ತೆರೆಗಳನ್ನು ಇಳಿಬಿಟ್ಟಿದ್ದರು. ಗುಂಡು ಅವನ್ನು ತೂರಿ ಹೋದಾಗ ಉಳಿದ ತೂತುಗಳ ಸಾಲು, ಕಣ್ಣಿಗೆ ಕಾಣದ ಅದರ ದಾರಿಯನ್ನು ಬರೆದಿಟ್ಟಂತೆ ತೋರುತ್ತಿದ್ದಿತು.

ಸೇನೆಯ ಎನ್‌ಫೀಲ್ಡ್ ರೈಫಲಿನ ನಳಿಗೆಯ ಒಳಬಾಯಿ ಅಂಗುಲದ ಸಾವಿರದಲ್ಲಿ 577 ಭಾಗದಷ್ಟು ಅಗಲ. ಒಳಗಣ ಗೀರು 78 ಅಂಗುಲಕ್ಕೆ ಒಂದು ಸುತ್ತು ತಿರುಗುತ್ತಿದ್ದಿತು. ವಿಟ್ವರ್ತನು ನಳಿಗೆಯ ಮೇಲೆ ನಳಿಗೆ ಮಾಡಿಸಿ, 60 ಅಂಗುಲಕ್ಕೆ ಒಂದು ಸುತ್ತಿನಿಂದ ತೊಡಗಿ ಒಂದೇ ಅಂಗುಲಕ್ಕೆ ಒಂದು ಸುತ್ತಿನವರೆಗೆ ಪರೀಕ್ಷಿಸಿ ನೋಡಿದನು. ಕೊನೆಗೆ 20 ಅಂಗುಲಕ್ಕೆ ಒಂದು ಸುತ್ತು ಎಂದು ನಿಶ್ಚಯಿಸಿದನು. ಒಳಬಾಯಿಯನ್ನು 451 ಭಾಗಕ್ಕೆ ಇಳಿಸಿದನು. ಗುಂಡಿನ ತೂಕ ಮಾತ್ರ ಸೇನೆಯ ಗುಂಡಿನದೇ, 530 ಗ್ರೇನು. ತೂಕ ಅಷ್ಟೇ ಇದ್ದು ಅಗಲ ಕಡಿಮೆಯಾದರೆ ಗುಂಡು ನೀಳವಾಗುತ್ತದೆ. ನೀಳವಾದ ಗುಂಡಿಗೆ ಗಾಳಿಯ ತಡೆ ಕಡಿಮೆ. ಆದರೆ ನೀಳವಾದುದು ಗಾಳಿಯಲ್ಲಿ ಬೇಗ ತಲೆಕೆಳಗಾಗುತ್ತದೆ. ಅದು ನೆಟ್ಟಗೆ ಸಾಗಬೇಕಾದರೆ, ಜೋರಾಗಿ ಬೀಸಿದ ಬುಗುರಿಯಂತೆ ವೇಗವಾಗಿ ತಿರುಗಬೇಕು. ಆ ತಿರುವನ್ನು ಗುಂಡಿಗೆ ಕೊಡಲು ಆತ ಗೀರುಗಳನ್ನೇ ಬಿಟ್ಟು, ನಳಿಗೆಯ ಒಳಗನ್ನು ತಿರುಚಿದ ಷಟ್ಕೋನವಾಗಿ ಕೊರೆಯಿಸಿದನು. ಗುಂಡಿಗೂ ಅದಕ್ಕೆ ಹೊಂದುವ ಆರು ಮುಖಗಳಿದ್ದುವು.

ಇಂಥ ರೈಫಲಿಗೆ ಈಡು ತುಂಬುವುದೂ ಒಂದು ವ್ರತದಂತೆಯೇ. ದೂರದ ಗುರಿಯ ಪಂದ್ಯಗಾರನು ಮದ್ದನ್ನು ತಕ್ಕಡಿಯಲ್ಲಿ ತೂಗಿ ಇಡಬೇಕು. ನಳಿಗೆಯ ಒಳಗೋಡೆಗೆ ಒಂದು ಕಾಳೂ ಅಂಟದಂತೆ, ಉದ್ದನೆಯ ಕೊಳವೆಯ ಮೂಲಕ ಅದನ್ನು ತಳಕ್ಕೆ ಇಳಿಸಬೇಕು. ಅದರ ಮೇಲೆ ಜಿಡ್ಡು ಸವರಿದ ಬಿಲ್ಲೆ. ಬಿಲ್ಲೆಯ ಮೇಲೆ ಗುಂಡು. ಗುಂಡಿನ ಮೂಗು ಜಜ್ಜಿಹೋಗದಂತೆ ಮೆಲ್ಲನೆ ಒತ್ತಿ ಕೂರಿಸಬೇಕು. ಹಾರಿಸಿದ ಮೇಲೆ ನಳಿಗೆಯನ್ನು ಒರೆಸದೆ ಇನ್ನೊಂದು ಈಡು ತುಂಬುವಂತಿಲ್ಲ. ಒಂದು ಗ್ರೇನು ಮದ್ದು ಹೆಚ್ಚುಕಡಿಮೆಯಾದರೂ ದೂರದಲ್ಲಿ ಅದು ಗೇಣುದ್ದದ ತಪ್ಪಾಗಿ ತೋರಬಹುದು. ಪಂದ್ಯದಲ್ಲಿ ಆ ತಪ್ಪಿಗೆ ದಂಡ ಬಹುಮಾನವಷ್ಟೆ. ಬೇಟೆಯಲ್ಲಿ ಗಾಯಗೊಂಡ ಮೃಗ ಪೊದೆಯ ಮರೆಯಲ್ಲಿ ನರಳಿ ಸಾಯುತ್ತದೆ. ಸಾರಂಗವನ್ನು ದೂರದಿಂದಲೇ ಹೊಡೆಯಬೇಕಾದ ಸ್ಕಾಟ್ಲೆಂಡಿನ ಬೆಟ್ಟಗಾಡಿನ ಬೇಟೆಗಾರರಿಗಾಗಿ ವಿಟ್ವರ್ತನ ಮಾದರಿಯ ರೈಫಲುಗಳು ತಯಾರಾದುದು ಆಶ್ಚರ್ಯವಲ್ಲ.

1857ರಲ್ಲಿ ಹೈದ್ ಎಂಬಲ್ಲಿನ ಸೈನಿಕ ಶಾಲೆಯಲ್ಲಿ ಎರಡು ರೈಫಲುಗಳನ್ನೂ ಒರೆಗೆ ಹಚ್ಚಿದರು. 800 ಗಜಗಳಲ್ಲಿ ಎನ್‌ಫೀಲ್ಡಿನ ಗುಂಡುಗಳು ನಡುಬಿಂದುವಿನಿಂದ ಸರಾಸರಿ ನಾಲ್ಕು ಅಡಿಗೂ ಮಿಕ್ಕಿ ಚದರಿದುವು. ವಿಟ್ವರ್ತನವು ಒಂದು ಅಡಿ ಮಾತ್ರ. 1400 ಗಜಗಳಲ್ಲಿ ಎನ್‌ಫೀಲ್ಡಿನ ಲೆಕ್ಕವನ್ನೇ ತೆಗೆಯಲಾಗಲಿಲ್ಲ. 1860ರ ಜುಲೈ 2ರಂದು ವಿಂಬಲ್ಡನ್ ಬಯಲಿನಲ್ಲಿ ರಾಷ್ಟ್ರೀಯ ರೈಫಲ್ ಸಂಘದ ಮೊದಲ ಕೂಟ ನಡೆದಾಗ, ವಿಕ್ಟೋರಿಯಾ ರಾಣಿಯು ಆಧಾರದ ಮೇಲೆ ಹೂಡಿಟ್ಟಿದ್ದ ವಿಟ್ವರ್ತ್ ರೈಫಲಿನ ಕುದುರೆಗೆ ಕಟ್ಟಿದ ದಾರವನ್ನು ಎಳೆದಳು. 400 ಗಜಗಳಾಚೆ ಗುಂಡು ನಡುಬಿಂದುವಿನಿಂದ ಒಂದೂಕಾಲು ಅಂಗುಲದಲ್ಲಿ ನಾಟಿತು. ಅದೇ ಕೂಟದಲ್ಲಿ ರಾಣಿಯ ಬಹುಮಾನದ ಕೊನೆಯ ಸುತ್ತಿಗೆ ವಿಟ್ವರ್ತ್ ರೈಫಲನ್ನೇ ಗೊತ್ತುಮಾಡಿದ್ದರು. ಗೆದ್ದವನು ಎಡ್ವರ್ಡ್ ರಾಸ್ ಎಂಬ ತರುಣ. ಸ್ಕಾಟ್ಲೆಂಡಿನ ಹೆಸರಾಂತ ಸಾರಂಗದ ಬೇಟೆಗಾರ ಹೊರೇಷಿಯೋ ರಾಸನ ಮಗ.

ಇಷ್ಟಾದರೂ ಸೇನೆ ಅದನ್ನು ತನ್ನ ಸಾಮಾನ್ಯ ಆಯುಧವಾಗಿ ಸ್ವೀಕರಿಸಲಿಲ್ಲ. ನಳಿಗೆಯ ಬಾಯಿ ಯುದ್ಧಕ್ಕೆ ತೀರ ಕಿರಿದು. ಮದ್ದಿನ ಮಸಿ ಬೇಗ ಕಟ್ಟುತ್ತದೆ. ಬೆಲೆ ಬಹಳ ಹೆಚ್ಚು—ಇವು ಆಕ್ಷೇಪಣೆಗಳು. ಅವುಗಳಲ್ಲಿ ಸತ್ಯವಿಲ್ಲದಿರಲಿಲ್ಲ. ರಣರಂಗದ ಹೊಗೆಯಲ್ಲಿ, ನಡುಗುವ ಕೈಯಿಂದ ಈಡು ತುಂಬುವ ಸಿಪಾಯಿಗೆ ಮ್ಯಾಂಚೆಸ್ಟರಿನ ಚಾವಡಿಯ ನೆಮ್ಮದಿ ಎಲ್ಲಿಂದ ಬರಬೇಕು? ಆದರೂ 1871ರಲ್ಲಿ ಅದೇ ಸೇನೆ ಅಂಗೀಕರಿಸಿದ ಮಾರ್ಟಿನಿ-ಹೆನ್ರಿ ರೈಫಲಿನ ಬಾಯಿ 450 ಭಾಗದ್ದು. ಹಿಂದೆ ಕಿರಿದೆಂದು ತಳ್ಳಿದ್ದ ಅಳತೆಯೇ ಹಿಂಬಾಗಿಲಿನಿಂದ ಒಳಗೆ ಬಂದಿತು.

ತಾಯ್ನಾಡು ಬೇಡವೆಂದ ರೈಫಲು ಕಡಲು ದಾಟಿ ಅಮೆರಿಕದ ಅಂತರ್ಯುದ್ಧವನ್ನು ಸೇರಿತು. ದಕ್ಷಿಣದ ಸೇನೆ ಕೆಲವನ್ನು ತರಿಸಿ ತನ್ನ ಅತ್ಯುತ್ತಮ ಗುರಿಕಾರರ ಕೈಗೆ ಕೊಟ್ಟಿತು. 1864ರ ಮೇ 9ರಂದು ಸ್ಪಾಟ್‌ಸಿಲ್ವೇನಿಯದಲ್ಲಿ ಉತ್ತರದ ಸೇನಾಪತಿ ಜಾನ್ ಸೆಜ್‌ವಿಕ್, ಗುಂಡಿಗೆ ಹೆದರಿ ತಲೆ ಬಗ್ಗಿಸುತ್ತಿದ್ದ ತನ್ನವರನ್ನು ನಗೆಯಾಡುತ್ತಿದ್ದಂತೆಯೇ ದೂರದ ಗುಂಡೊಂದು ತಗಲಿ ಉರುಳಿದನು. ಅದು ವಿಟ್ವರ್ತ್ ರೈಫಲಿನ ಗುಂಡೆಂದು ಬಹುಮಂದಿಯ ನಂಬಿಕೆ. ಗುರಿ ತಪ್ಪದ ಸಾಧನವನ್ನು ಶಿಲ್ಪಿ ಮಾಡಿಕೊಡಬಲ್ಲ. ಗುರಿ ಯಾವುದಾಗಬೇಕೆಂಬುದು ಆತನ ಅಳತೆಗೋಲಿಗೆ ಸಿಕ್ಕುವುದಿಲ್ಲ.

ಆತನ ಅಳತೆಗೆ ಸಿಕ್ಕದ ಇನ್ನೊಂದು ಸಂಗತಿಯೂ ಇದ್ದಿತು. ಕಿರಿಬಾಯಿ, ನೀಳ ಗುಂಡು, ಬಿರುಸಾದ ತಿರುವು—ಈ ಮೂರೂ ಪ್ರಯೋಗದಿಂದ ಪಡೆದ ಸತ್ಯಗಳು. ಮುಂದಿನವರೆಲ್ಲ ಅವುಗಳ ಮೇಲೆಯೇ ಕಟ್ಟಿದರು. ಷಟ್ಕೋನ ಮಾತ್ರ ಆತನ ಮೋಹ. ಅದನ್ನು ಫಿರಂಗಿಗೂ ಅನ್ವಯಿಸಿದನು. ಯಾರು ಏನೆಂದರೂ ಬಿಟ್ಟುಕೊಡಲಿಲ್ಲ. ವಿಲಿಯಂ ಮೆಟ್‌ಫರ್ಡ್ ಎಂಬ ಇನ್ನೊಬ್ಬ ಯಂತ್ರಜ್ಞ, 1857ರಲ್ಲಿ ರೈಲುದಾರಿಯ ಕೆಲಸದ ಮೇಲೆ ನಮ್ಮ ದೇಶದ ಮುಂಗೇರಿಗೆ ಬಂದು ಆರೋಗ್ಯ ಕೆಡಿಸಿಕೊಂಡು ಹಿಂದಿರುಗಿದವನು, ತೀರ ತೆಳುವಾದ ಗೀರುಗಳೂ ಗಟ್ಟಿಯಾದ ಗುಂಡೂ ಇದ್ದರೆ ಅದೇ ಫಲ ಸುಲಭವಾಗಿ ದೊರೆಯುವುದೆಂದು ಮುಂದೆ ತೋರಿಸಿಕೊಟ್ಟನು. 1888ರಲ್ಲಿ ಬ್ರಿಟಿಷ್ ಸೇನೆ ಸ್ವೀಕರಿಸಿದ ರೈಫಲಿನ ಹೆಸರಿನಲ್ಲಿ ಉಳಿದುದು ಮೆಟ್‌ಫರ್ಡನ ಹೆಸರು. ಮೂರನೆಯ ಫಲಕವಿಲ್ಲದೆ ಎರಡು ಫಲಕಗಳನ್ನು ನಂಬಬಾರದೆಂದು ಲೋಕಕ್ಕೆ ಕಲಿಸಿದವನು, ತನ್ನ ಅಚ್ಚುಮೆಚ್ಚಿನ ಕಲ್ಪನೆಯನ್ನು ಅಂಥ ಮೂರನೆಯದರ ಮುಂದೆ ಒಡ್ಡಲಿಲ್ಲ.

ಆದರೂ ಆತನ ಶ್ರಮ ವ್ಯರ್ಥವಾಗಲಿಲ್ಲ. ಕೋವಿಯ ನಳಿಗೆಯ ಉಕ್ಕಿನಲ್ಲಿ ಗಾಳಿಗುಳ್ಳೆ ಉಳಿಯದಂತೆ, ಕರಗಿದ ಉಕ್ಕನ್ನೇ ಭಾರಿ ಒತ್ತಡಕ್ಕೆ ಸಿಲುಕಿಸುವ ವಿಧಾನವನ್ನು ಆತ ಕಂಡುಹಿಡಿದನು. ಆ ಉಕ್ಕಿನ ನಳಿಗೆಗಳನ್ನು ಲಂಡನ್ನಿನ ಹೆಸರಾಂತ ಬೇಟೆಕೋವಿಯ ಶಿಲ್ಪಿಗಳು ಬಹುಕಾಲ ಆದರದಿಂದ ಬಳಸಿದರು.

1868ರಲ್ಲಿ ಆತ ಯಂತ್ರವಿದ್ಯೆಯ ತರುಣರಿಗಾಗಿ ಒಂದು ಲಕ್ಷ ಪೌಂಡುಗಳ ವಿದ್ಯಾರ್ಥಿವೇತನ ನಿಧಿಯನ್ನು ಸ್ಥಾಪಿಸಿದನು. ಮರುವರ್ಷ ಬ್ಯಾರೊನೆಟ್ ಪದವಿ ಬಂದಿತು. 1887ರ ಜನವರಿ 22ರಂದು ಮಾಂಟೆ ಕಾರ್ಲೊದಲ್ಲಿ ತೀರಿಕೊಂಡನು. ಡರ್ಬಿಷೈರಿನ ಡಾರ್ಲಿ ಡೇಲಿನಲ್ಲಿ ಆತನ ಸಮಾಧಿಯಿದೆ. ಆತನ ಆಸ್ತಿಯ ಬಹುಭಾಗ ಮ್ಯಾಂಚೆಸ್ಟರಿನ ಉದ್ಯಾನಕ್ಕೂ ಕಲಾಶಾಲೆಗೂ ಆಸ್ಪತ್ರೆಗೂ ಸಂದಿತು. ಆ ವಿದ್ಯಾರ್ಥಿವೇತನಕ್ಕೆ ಆತ ಹಾಕಿದ ಕಟ್ಟಳೆ ನೆನೆಯತಕ್ಕದ್ದು: ಗಣಿತವನ್ನು ಬಲ್ಲವನು ಅರವನ್ನೂ ಹಿಡಿಯಬಲ್ಲವನಾಗಿರಬೇಕು, ಕುಲುಮೆಯ ಮುಂದೆ ನಿಲ್ಲಬಲ್ಲವನು ಪುಸ್ತಕವನ್ನೂ ಓದಬಲ್ಲವನಾಗಿರಬೇಕು.